ಕಾಣದ್ದೆಲ್ಲ ಕಳೆದುಹೋದದ್ದಲ್ಲ

ಈ ಸಲ ನಾನು ಆರಿಸಿಕೊಂಡಿರುವ ವಿಷಯ ಪೆನ್ ಡ್ರೈವ್ ಒಳಗೆ ಅಡಗಿರುವ ಫೋಲ್ಡರುಗಳು. ಇದೂ ಒಂದು ವಿಷಯಾನಾ ಅಂತ ನಗಬೇಡಿ, ಪೂರ್ತಿ ಓದಿ.

ಪೆನ್ ಡ್ರೈವ್ ಹೆಬ್ಬೆರಳಿನಷ್ಟು ಚಿಕ್ಕ ವಸ್ತು. ಅದು ಮಾರಾಟಕ್ಕೆ ಬಂದದ್ದು 2000ನೇ ಇಸವಿಯಲ್ಲಿ. ಆಗ ಬಂದವುಗಳಲ್ಲಿ ಕೆಲವದರಲ್ಲಿ ಇದ್ದದ್ದು ಬರೀ 8 ಎಂಬಿ ಜಾಗ. ಈಗ ನಮ್ಮ ಮನೆಯಲ್ಲಿರುವುದು 16 ಜಿಬಿಯದು, ಅಂದರೆ ಅದರ ಸುಮಾರು 2000 ಪಟ್ಟು!

ಹಿಂದಿನ ಕಾಲದಲ್ಲಿ ರಾಗಿಯನ್ನು ಹಗೇವಿಗೆ ತುಂಬಿ ಬಾಯಿ ಮುಚ್ಚುತ್ತಿದ್ದರು. ಮೇಲೆ ನಿಂತವರಿಗೆ ಕಾಣುವುದು ಬರೀ ನೆಲ, ಕೆಳಗೆ ವರ್ಷದ ಊಟ. ಪೆನ್ ಡ್ರೈವ್ ಕೂಡ ಹಾಗೇ. ತೆರೆದಾಗ ಕಾಣುವುದಷ್ಟೇ ಅದರಲ್ಲಿಲ್ಲ. ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ ಅದು ‘ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್’ ಎಂಬ ಫೋಲ್ಡರನ್ನು ತಾನೇ ಮಾಡಿ ಬಚ್ಚಿಡುತ್ತದೆ. ಇದು ವಿಂಡೋಸಿನ ಸ್ವಂತ ಲೆಕ್ಕದ ಪುಸ್ತಕ. ಅಳಿಸಿದರೂ ಮತ್ತೆ ಹುಟ್ಟುತ್ತದೆ. ಇದು ವೈರಸ್ ಅಲ್ಲ, ಹೆದರಬೇಕಾಗಿಲ್ಲ. ಮೊಬೈಲಿಗೆ ಹಾಕಿದ ಕಾರ್ಡಿನಲ್ಲಿ ಬರುವ ‘ಲಾಸ್ಟ್ ಡಿಐಆರ್’ ಕೂಡ ಇದೇ ಜಾತಿಯದು.

ನಮ್ಮ ಶಾಲೆಯ ಕಂಪ್ಯೂಟರಿನಲ್ಲಿರುವುದು ಉಬುಂಟು. ಅದರ ಪದ್ಧತಿಯೇ ಬೇರೆ. ಹೆಸರಿನ ಮೊದಲು ಒಂದು ಚುಕ್ಕಿ ಇಟ್ಟರೆ ಸಾಕು, ಫೋಲ್ಡರ್ ಕಾಣೆಯಾಗುತ್ತದೆ. ವಿಂಡೋಸಿನಲ್ಲಿ ಹೆಸರು ಹಾಗೇ ಇರುತ್ತದೆ, ‘ಇದನ್ನು ತೋರಿಸಬೇಡ’ ಎಂಬ ಗುರುತು ಮಾತ್ರ ಬೀಳುತ್ತದೆ. ಉಬುಂಟು ಆ ಗುರುತನ್ನು ಲೆಕ್ಕಕ್ಕಿಡುವುದಿಲ್ಲ, ವಿಂಡೋಸು ಚುಕ್ಕಿಯನ್ನು ಲೆಕ್ಕಕ್ಕಿಡುವುದಿಲ್ಲ. ಹೀಗಾಗಿ ಒಬ್ಬರು ಬಚ್ಚಿಟ್ಟದ್ದು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ವಿಜ್ಞಾನದ ಮೇಷ್ಟ್ರ ಪೆನ್ ಡ್ರೈವ್ ಒಂದು ದಿನ ‘ಜಾಗ ಇಲ್ಲ’ ಅಂತ ಹಟ ಹಿಡಿಯಿತು. ಹಳೆಯ ವಿಡಿಯೋಗಳನ್ನೆಲ್ಲ ಅವರು ಆಗಲೇ ಅಳಿಸಿದ್ದರು. ಕಾರಣ ಏನು ಗೊತ್ತಾ? ಉಬುಂಟುವಿನಲ್ಲಿ ಡಿಲೀಟ್ ಒತ್ತಿದರೆ ಫೈಲು ನಿಜವಾಗಿ ಹೋಗುವುದಿಲ್ಲ. ಅದೇ ಪೆನ್ ಡ್ರೈವಿನಲ್ಲಿ ‘ಚುಕ್ಕಿ ಟ್ರ್ಯಾಶ್-1000’ ಎಂಬ ಅಡಗಿದ ಫೋಲ್ಡರಿಗೆ ಹೋಗಿ ಕೂರುತ್ತದೆ. 1000 ಅನ್ನುವುದು ಆ ಕಂಪ್ಯೂಟರಿನ ಮೊದಲ ಬಳಕೆದಾರರಿಗೆ ಕೊಟ್ಟಿರುವ ನಂಬರು. ಕಂಟ್ರೋಲ್ ಮತ್ತು ಎಚ್ ಎರಡನ್ನೂ ಒಟ್ಟಿಗೆ ಒತ್ತಿದಾಗ ಅದು ಹೊರಗೆ ಬಂತು. ಪೆನ್ ಡ್ರೈವ್ ಹಾಕಿಕೊಂಡೇ ಕಸದ ಬುಟ್ಟಿ ಖಾಲಿ ಮಾಡಿದೆವು, ಜಾಗ ಆಯ್ತು. ಮೇಷ್ಟ್ರು ‘ಕಸ ಗುಡಿಸಿ ಬಾಗಿಲ ಹಿಂದೆ ಇಟ್ಟ ಹಾಗಾಯ್ತಲ್ಲಪ್ಪಾ’ ಅಂದ್ರು.

ಇನ್ನು ನಮ್ಮ ಮನೆಯ ವಿಷಯ. ನಮ್ಮಜ್ಜಿ ಸುತ್ತಲ ಹಳ್ಳಿಗಳ ಮದುವೆಗಳಲ್ಲಿ ಸೋಬಾನೆ ಹೇಳುತ್ತಿದ್ದರು. 2019ರಲ್ಲಿ ಚಿಕ್ಕಪ್ಪ ಅವರನ್ನು ಜಗಲಿ ಮೇಲೆ ಕೂರಿಸಿ 14 ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದು, ಪೆನ್ ಡ್ರೈವಿಗೆ ಹಾಕಿದರು. ಆಮೇಲೆ ಮೊಬೈಲು ಕೆಟ್ಟಿತು. 2021ರಲ್ಲಿ ಅಜ್ಜಿ ತೀರಿಕೊಂಡರು. ಉಳಿದಿದ್ದು ಆ ಪೆನ್ ಡ್ರೈವ್ ಒಂದೇ. ಹೋದ ವರ್ಷ ಚಿಕ್ಕಪ್ಪ ಯಾವುದೋ ಅರ್ಜಿ ಪ್ರಿಂಟ್ ಹಾಕಿಸಲು ಪೇಟೆಯ ಒಂದು ಜೆರಾಕ್ಸ್ ಅಂಗಡಿಗೆ ಅದನ್ನೇ ತೆಗೆದುಕೊಂಡು ಹೋದರು. ಅಲ್ಲಿ ತೆರೆದು ನೋಡಿದರೆ ಫೋಲ್ಡರುಗಳ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್‌ಗಳು, ಒಂದೊಂದೂ ಒಂದೆರಡು ಕೆಬಿ ಮಾತ್ರ! ಅಂಗಡಿಯವರು ‘ವೈರಸ್ ತಿಂದುಬಿಟ್ಟಿದೆ, ಫಾರ್ಮ್ಯಾಟ್ ಮಾಡ್ಬಿಡೋಣ’ ಅಂದರಂತೆ. ಚಿಕ್ಕಪ್ಪ ಒಪ್ಪಲಿಲ್ಲ. ಮನೆಗೆ ಬಂದು ಯಾರ ಜೊತೆಯೂ ಮಾತಾಡದೆ ಮಲಗಿದರು. ಅಪ್ಪ ಮಾತ್ರ ‘ಅವ್ವನ ದನಿ ಇನ್ನು ಇಲ್ಲ ಅನ್ನು’ ಅಂದರು.

ಮರುದಿನ ನಾನು ಅದನ್ನು ನಮ್ಮ ಕಂಪ್ಯೂಟರ್ ಮೇಡಮ್ ಕೈಗೆ ಕೊಟ್ಟೆ. ಮೇಡಮ್ ಮೊದಲು ಎಷ್ಟು ಜಾಗ ತುಂಬಿದೆ ಅಂತ ನೋಡಿದರು. 3 ಜಿಬಿ ತುಂಬಿತ್ತು! ‘ಏನೂ ಇಲ್ಲ ಅಂದ್ರೆ ಈ 3 ಜಿಬಿ ಯಾರದು?’ ಅಂತ ಕೇಳಿದರು. ಆ ವೈರಸ್ ಹಾಡುಗಳನ್ನು ತಿಂದಿರಲಿಲ್ಲ. ಫೋಲ್ಡರಿನ ಮೇಲೆ ‘ತೋರಿಸಬೇಡ’ ಎಂಬ ಗುರುತು ಹಾಕಿ, ಮುಂದೆ ಸುಳ್ಳು ಫೋಲ್ಡರ್ ನಿಲ್ಲಿಸಿತ್ತು, ಅಷ್ಟೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತಾರಲ್ಲ, ಹಾಗೆ. ಉಬುಂಟು ಆ ಗುರುತನ್ನು ಲೆಕ್ಕಕ್ಕಿಡುವುದಿಲ್ಲ ಎಂದೆನಲ್ಲ, ಅದಕ್ಕೇ ‘ಅವ್ವನ ಪದ’ ಎಂಬ ಫೋಲ್ಡರ್ ತಾನಾಗಿ ಕಂಡಿತು. ತೆರೆದೆವು. ಎಣಿಸಿದೆವು. 14 ಹಾಡೂ ಇದ್ದವು. ಮೊದಲನೆಯದರಲ್ಲಿ ಹಾಡಿಗೆ ಮುಂಚೆ ಅಜ್ಜಿ ಕೆಮ್ಮಿ, ‘ಸುರು ಮಾಡ್ಲೇನೋ ಮಗಾ’ ಅನ್ನುತ್ತಾರೆ. ಅದೂ ಇತ್ತು. ಹಾಡುಗಳನ್ನು ಶಾಲೆಯ ಕಂಪ್ಯೂಟರಿಗೆ ನಕಲು ಮಾಡಿದ ಮೇಲೆಯೇ ಮೇಡಮ್ ಪೆನ್ ಡ್ರೈವನ್ನು ಫಾರ್ಮ್ಯಾಟ್ ಮಾಡಿದರು.

ಸ್ನೇಹಿತರೇ, ಇದರಿಂದ ತಿಳಿದ ನಾಲ್ಕು ಮಾತು ಬರೆಯುತ್ತೇನೆ:

1. ಪೆನ್ ಡ್ರೈವ್ ಖಾಲಿ ಕಂಡರೆ ಮೊದಲು ಎಷ್ಟು ಜಾಗ ತುಂಬಿದೆ ಅಂತ ನೋಡಿ. ಜಾಗ ತುಂಬಿದ್ದರೆ ಒಳಗೆ ಏನೋ ಇದೆ ಎಂದರ್ಥ.

2. ವಿಂಡೋಸಿನಲ್ಲಿ ‘ವ್ಯೂ’ಗೆ ಹೋಗಿ ‘ಹಿಡನ್ ಐಟಮ್ಸ್’ ಆನ್ ಮಾಡಿ. ವೈರಸ್ ‘ಸಿಸ್ಟಮ್’ ಎಂಬ ಗುರುತನ್ನೂ ಹಾಕಿದ್ದರೆ ಆಗಲೂ ಕಾಣುವುದಿಲ್ಲ. ಆಗ ಉಬುಂಟುವಿನಲ್ಲಿ ನೋಡಿ.

3. ಫೋಲ್ಡರಿನ ಹೆಸರಿನ ಶಾರ್ಟ್‌ಕಟ್ ಕಂಡರೆ ವಿಂಡೋಸಿನಲ್ಲಿ ಒತ್ತಲೇಬೇಡಿ. ಒತ್ತಿದರೆ ವೈರಸ್ ಆ ಕಂಪ್ಯೂಟರಿಗೂ ಹತ್ತುತ್ತದೆ.

4. ಮುಖ್ಯವಾದದ್ದನ್ನು ಒಂದೇ ಕಡೆ ಇಡಬೇಡಿ. ಅಜ್ಜಿಯ ಹಾಡು ಈಗ ಮೂರು ಕಡೆ ಇದೆ.

ನಿಮ್ಮ ಮನೆಯಲ್ಲೂ ಕೆಟ್ಟಿತು ಅಂತ ಡಬ್ಬಿಗೆ ಹಾಕಿದ ಪೆನ್ ಡ್ರೈವ್ ಇದ್ದರೆ ಎಸೆಯಬೇಡಿ, ಶಾಲೆಗೆ ತನ್ನಿ. ಶನಿವಾರ ಮಧ್ಯಾಹ್ನ ಮೇಡಮ್ ಜೊತೆ ಕೂತು ನೋಡೋಣ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಫಾರ್ಮ್ಯಾಟ್ ಒತ್ತುವ ಕೈಗೂ ಸಲ್ಲುತ್ತದೆ.

— 10ನೇ ತರಗತಿಯ ವಿದ್ಯಾರ್ಥಿನಿ