ಹಿಂದಿನ ಸೀಟಿನ ವಾಸನಿ

ನಮ್ಮ ಕಾರಿನಾಗ ಮುಂದಿನ ಎರಡೂ ಸೀಟು ಯಾವತ್ತೂ ಗಂಡಸರವು. ಹಿಂದ ನಾನು, ಸೊಸಿ, ಆಕಿ ಮಗ್ಗಲಕ್ಕ ಕೂಸು, ಕಾಲ ಬುಡಕ್ಕ ಬುತ್ತಿ ಚೀಲ. ನಿಮ್ಮ ಮನ್ಯಾಗೂ ಹಂಗ ಇರಬೇಕು. ಹಿಂಗಾಗಿ ಹಿಂದ ಏನಾಗ್ತದ ಅನ್ನೋದು ಗಾಡಿ ಹೊಡಿಯೋರಿಗೆ ತಿಳಿಯೂದೇ ಇಲ್ಲ.

ಗಾಡಿ ತಗೊಂಡು ಎರಡನೇ ವರ್ಷಕ್ಕ ನನಗ ಪೆಟ್ರೋಲ್ ವಾಸನಿ ಬರಲಿಕ್ಕೆ ಹತ್ತಿತು. "ಬಂಕಿನಾಗ ಕೈಗೆ ಹತ್ತಿರಬೇಕು" ಅಂದ್ರು ನಮ್ಮನಿಯವರು. ಮಗ ಅಂದ, "ಅವ್ವಾ, ಎರಡು ಮನಿ ಆಚೆ ಒಗ್ಗರಣಿ ಸೀದ್ರೂ ನಿನಗ ವಾಸನಿ ಬರ್ತದ." ಹೌದಪಾ, ಬರ್ತದ! ಮೂವತ್ತು ವರ್ಷ ಗ್ಯಾಸಿನ ಒಲಿ ಮುಂದ ನಿಂತ ಮೂಗು ಇದು. ಸಿಲಿಂಡರಿನ ವಾಶರ್ ಹೋದ್ರ ಮನ್ಯಾಗ ಮೊದಲು ಯಾರಿಗೆ ಗೊತ್ತಾಗ್ತದ?

ಸರ್ವೀಸ್ ಸೆಂಟರಿನವರು "ಮೇಡಂ, ಈ ಮಾಡೆಲಿನ ಎಲ್ಲಾ ಗಾಡಿನೂ ಹಂಗ" ಅಂತ ಹೇಳಿ, ಒಂದು ಸೆಂಟಿನ ಡಬ್ಬಿ ತೂಗಹಾಕಿ ಕಳಿಸಿದ್ರು. ಅದಕ್ಕೂ ಬಿಲ್ ಹಚ್ಚಿದ್ರು ನೋಡ್ರಿ. ಎರಡನೇ ಸಲ ಹೋದಾಗ ಏನೂ ದೋಷ ಸಿಗಲಿಲ್ಲ ಅಂದ್ರು.

ಅವತ್ತಿನಿಂದ ಹಾಲಿನ ಲೆಕ್ಕ ಬರಿಯೋ ಕ್ಯಾಲೆಂಡರಿನಾಗ ಇದನ್ನೂ ಬರಕೋತ ಬಂದೆ. ಯಾವತ್ತು ಪೆಟ್ರೋಲ್ ಹಾಕಿಸಿದ್ರು, ಎಲ್ಲಿಗೆ ಹೋದ್ವಿ, ವಾಸನಿ ಬಂತೋ ಇಲ್ಲೋ. ಎರಡು ತಿಂಗಳಿಗೆ ಚೊಕ್ಕ ಕಾಣಿಸ್ತು: ಟ್ಯಾಂಕ್ ಫುಲ್ ಇದ್ದಾಗಷ್ಟೇ ವಾಸನಿ. ಅಂಕೋಲಾಕ್ಕ ಹೋಗುವಾಗ ಅರಬೈಲ್ ಘಾಟಿನ ತಿರುವಿನಾಗಂತೂ ತಲಿ ತಿರಗೂವಷ್ಟು. ಅರ್ಧಕ್ಕ ಇಳಿದ್ರ ಏನೂ ಇಲ್ಲ. ಸರ್ವೀಸಿಗೆ ಎರಡೂ ಸಲ ಅರ್ಧ ಟ್ಯಾಂಕಿನಾಗೇ ಹೋಗಿತ್ತು!

ಮೂರನೇ ಸಲ ಟ್ಯಾಂಕ್ ತುಂಬಿಸಿ, ನಾನು, ಸೊಸಿ, ಕೂಸು ಎಲ್ಲಾರೂ ಹೋದ್ವಿ. ಆ ಹುಡುಗ ಜಾಬ್ ಕಾರ್ಡಿನಾಗ "ಜನರಲ್ ಚೆಕಪ್" ಅಂತ ಬರದ. ನಾ ಬಿಡಲಿಲ್ಲ. "ಟ್ಯಾಂಕ್ ಫುಲ್ ಇದ್ದಾಗ ಹಿಂದಿನ ಸೀಟಿನಾಗ ಪೆಟ್ರೋಲ್ ವಾಸನಿ ಬರ್ತದ ಅಂತ ಬರಿಯಪಾ, ಆಮ್ಯಾಲೆ ಸಹಿ" ಅಂದೆ. ಬರದ.

ಸೀಟ್ ಎತ್ತಿದ್ರು. ಕೆಳಗೊಂದು ಮುಚ್ಚಳ, ಅದರ ಕೆಳಗ ಪೆಟ್ರೋಲ್ ಪಂಪಿನ ಪ್ಲಾಸ್ಟಿಕ್ ತಲಿ. ಅದರಾಗ ಕೂದಲೆಳೆಯಷ್ಟು ಸೀಳು, ಸುತ್ತಲೂ ಹಸಿ. ಟ್ಯಾಂಕ್ ತುಂಬಿದಾಗ ಪೆಟ್ರೋಲ್ ಅಲ್ಲಿತನಕ ಏರಿ ತುಳುಕ್ತಿತ್ತು. ಭಾಳಷ್ಟು ಕಾರಿನಾಗ ಟ್ಯಾಂಕ್ ಇರೂದು ಹಿಂದಿನ ಸೀಟಿನ ಬುಡಕ್ಕೇ ಅಂತ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಕೆಳಗೇ ಕೂಡ್ತದ, ಒಂದು ಕಿಡಿ ಸಾಕು. ಅದರ ಮ್ಯಾಲೆ ನಮ್ಮ ಕೂಸು ಮಲಗ್ತಿತ್ತು. ಸೊಸಿ ಒಂದೂ ಮಾತಾಡಲಿಲ್ಲ, ಕೂಸನ್ನ ಎತ್ತಿಕೊಂಡು ಹೊರಗ ಹೋಗಿ ನಿಂತಳು.

ವಾರಂಟಿಯಾಗ ಬದಲಿ ಮಾಡಿಕೊಟ್ರು. ಹಳೇದರ ಫೋಟೊ ತಗೊಂಡ್ವಿ. ಆದ್ರ "ಎಲ್ಲಾ ಗಾಡಿನೂ ಹಂಗ" ಅಂದ ಮಾತು ನನ್ನ ಬಿಡಲಿಲ್ಲ. ಎಲ್ಲಾವೂ ಹಂಗಿದ್ರ ಅದು ಇನ್ನೂ ದೊಡ್ಡ ಸುದ್ದಿ ಅಲ್ಲೇನು? 2019ರಾಗ ಮೋಟಾರು ವಾಹನ ಕಾಯ್ದೆ ತಿದ್ದಿ 110ಎ ಅಂತ ಕಲಂ ಹಾಕ್ಯಾರ, 2021ರ ಏಪ್ರಿಲ್‌ನಿಂದ ಅದರ ನಿಯಮ ಬಂದಾವ. ವಾಹನ್ ಜಾಲತಾಣದಾಗ ಮಾಲೀಕರು ದೂರು ಕೊಡಬಹುದು. ಒಂದೇ ಮಾಡೆಲಿನ ದೂರು ಇಷ್ಟು ಅಂತ ಆದ್ರ ಸರ್ಕಾರ ವಿಚಾರಿಸಿ, ಗಾಡಿ ವಾಪಸ್ ಕರಿಸಿ ರಿಪೇರಿ ಮಾಡ್ರಿ ಅಂತ ಕಂಪನಿಗೆ ಹೇಳಬಹುದು. ಮಗನ ಮುಂದ ಕೂತು ದೂರು ತುಂಬಿಸಿದೆ. ಗ್ರಾಹಕರ ಸಹಾಯವಾಣಿ 1915 ಬ್ಯಾರೆ ಅದ. ಜಿಲ್ಲಾ ಗ್ರಾಹಕ ಆಯೋಗಕ್ಕ ಹೋಗೂದಿದ್ರ ಎರಡು ವರ್ಷದೊಳಗ ಹೋಗಬೇಕು, ಅಲ್ಲಿ ಮೊದಲು ಕೇಳೋದು ಜಾಬ್ ಕಾರ್ಡೇ. ಅದಕ್ಕ ಅದನ್ನ ರೇಶನ್ ಕಾರ್ಡಿನ ಜೋಡಿ ಇಡ್ರಿ.

ಮೊನ್ನೆ ಓಣ್ಯಾಗಿನ ವೈನಿ ಇದೆಲ್ಲಾ ಕೇಳಿ, "ನಮ್ಮ ಗಾಡಿನೂ ಅದೇ ರೀ. ವಾಸನಿ ಬರ್ತದ, ಹೇಳಿದ್ರ ನಗ್ತಾರಂತ ಸುಮ್ಮನಿದ್ದೆ" ಅಂದ್ರು. ನಾಳೆ ತೋರಿಸಲಿಕ್ಕೆ ಒಯ್ತಾರ. ಮೊದಲು ಟ್ಯಾಂಕ್ ತುಂಬಿಸ್ರಿ, ಹುಡುಗರನ್ನ ಮನ್ಯಾಗ ಬಿಟ್ಟು ಹೋಗ್ರಿ ಅಂತ ಹೇಳೀನಿ.