ನಾಲಿಗೆಯ ಕುಂಚ

ನಾನು ಲೋರಿಯೊಂದನ್ನು ತಂದಿರುವೆನೆಂಬ ವಾರ್ತೆ ಓಣಿಯಲ್ಲಿ ಹಬ್ಬಿದ ದಿನ, ಎದುರು ಮನೆಯ ನಿವೃತ್ತ ಮೇಷ್ಟ್ರು ಗೇಟಿನ ಬಳಿ ನಿಂತು, "ಆರು ಚಕ್ರದ್ದೋ, ಹತ್ತು ಚಕ್ರದ್ದೋ? ಈ ಓಣಿಯೊಳಗೆ ಅದನ್ನು ತಿರುಗಿಸುವುದಾದರೂ ಹೇಗೆ ಸ್ವಾಮಿ?" ಎಂದು ಪ್ರಾಮಾಣಿಕವಾದ ಕಳವಳದಿಂದಲೇ ವಿಚಾರಿಸಿದರು. ಒಳಗೆ ಕರೆದೊಯ್ದು ಪಂಜರವನ್ನು ತೋರಿಸಿದೆ. ಮೈಯೆಲ್ಲ ಕುಂಕುಮವನ್ನು ಬಳಿದುಕೊಂಡಂತಿದ್ದು, ರೆಕ್ಕೆಯಲ್ಲಿ ಕಪ್ಪನ್ನೂ ಬಾಲದ ಬುಡದಲ್ಲಿ ನೀಲವನ್ನೂ ಧರಿಸಿದ್ದ ಆ ಕೆಂಪು ಲೋರಿ, ಅವರನ್ನೊಮ್ಮೆ ಓರೆಗಣ್ಣಿನಿಂದ ಪರೀಕ್ಷಿಸಿ, ಬೆನ್ನು ತಿರುಗಿಸಿ, ನೀರಿನಂಥ ಹಿಕ್ಕೆಯನ್ನು ಸರಳುಗಳ ನಡುವಿನಿಂದ ಎರಡು ಮೊಳ ದೂರಕ್ಕೆ ಚಿಮ್ಮಿಸಿತು. ಮೇಷ್ಟ್ರ ಬಿಳಿ ಪಂಚೆ ಅಂದಿನಿಂದ ನಮ್ಮ ಹೊಸ್ತಿಲನ್ನು ದಾಟಿಲ್ಲ.

ಅಪರಾಧ ಹಕ್ಕಿಯದಲ್ಲ, ಅದರ ಆಹಾರದ್ದು. ಇಂಡೊನೇಷ್ಯದ ಅಂಬೋನ್, ಸೆರಾಮ್, ಬುರು ದ್ವೀಪಗಳು ಇದರ ಕುಲದ ತವರು. ಹೆಸರು ಕೂಡ ಮಲಯ ಭಾಷೆಯಿಂದ ಬಂದದ್ದು. ನಮ್ಮ ಗಿಳಿಯಂತೆ ಕಾಳನ್ನು ಒಡೆದು ತಿನ್ನುವ ಸಂಸಾರಿಯಲ್ಲ ಇದು. ಮಕರಂದವನ್ನೂ ಪರಾಗವನ್ನೂ ಉಂಡು ಜೀವಿಸುವ ರಸಿಕ. ದ್ರವವಾಗಿ ಒಳಹೋದದ್ದು ದ್ರವವಾಗಿಯೇ ಹೊರಬರುತ್ತದೆ. ಗೋಡೆಗೆ ಸುಣ್ಣ ಬಳಿಸುವ ಖರ್ಚು ಯಜಮಾನನದು. ಪುಡಿಯನ್ನು ನೀರಿನಲ್ಲಿ ಕದಡಿ ಕೊಡುವ ಕೃತಕ ಮಕರಂದವಾದರೋ ಬೇಸಗೆಯಲ್ಲಿ ಕೆಲವೇ ತಾಸುಗಳಲ್ಲಿ ಹುಳಿಯುವುದರಿಂದ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬಟ್ಟಲನ್ನು ತಿಕ್ಕಿ ತೊಳೆದು ಹೊಸದಾಗಿ ಕಲಸುವ ಕೈಂಕರ್ಯ ನನಗೆ ನಿತ್ಯಕರ್ಮವಾಗಿದೆ. ದೇವರ ಪೂಜೆಯನ್ನು ಇಷ್ಟು ನಿಷ್ಠೆಯಿಂದ ಮಾಡಿದ್ದರೆ ಎಂದು ಅಮ್ಮ ಆಗಾಗ ಹೇಳುವುದುಂಟು.

ಆಕೆಯೂ ಅದರ ಮೋಹಕ್ಕೆ ಸಿಲುಕಿದವಳೇ. ಒಂದು ರಾಮನವಮಿಯಂದು, "ಪಾಪ, ಬಾಯಿಲ್ಲದ ಜೀವ" ಎಂದು (ಮೂರು ಮನೆಯಾಚೆಗೂ ಕೇಳುವಂತೆ ಕಿರುಚುವ ಪ್ರಾಣಿಗೆ ಈ ಮಾತು!) ಪಾನಕವನ್ನೇ ಬಟ್ಟಲಿಗೆ ಸುರಿಯಲು ಹೊರಟಾಗ ನಾನು ಓಡಿಹೋಗಿ ತಡೆಯಬೇಕಾಯಿತು. ಲೋರಿಗಳ ಯಕೃತ್ತಿನಲ್ಲಿ ಕಬ್ಬಿಣದ ಅಂಶ ಸಂಚಯವಾಗಿ ಪ್ರಾಣಕ್ಕೆ ಎರವಾಗುವುದುಂಟು. ಬೆಲ್ಲದಲ್ಲಿ ಕಬ್ಬಿಣವಿದೆ, ನಿಂಬೆಯ ಹುಳಿ ಅದನ್ನು ಮೈಗೂಡಿಸಲು ನೆರವಾಗುತ್ತದೆ. ಅಮ್ಮನಿಗೆ ಈ ವಿವರಣೆ ಇನ್ನೂ ರುಚಿಸಿಲ್ಲ.

ಬೆಂಗಳೂರಿನ ಸಾಕಣೆಗಾರರೊಬ್ಬರಲ್ಲಿ ಮೊಟ್ಟೆಯೊಡೆದು ಸಿರಿಂಜಿನ ಗುಟುಕಿನಿಂದ ಬೆಳೆದ ಮರಿಯಾದರೂ, ಹೊಸ ಮನೆಯಲ್ಲಿ ಅದು ಕೈ ಕಂಡೊಡನೆ ಹಾವಿನಂತೆ ಬುಸುಗುಟ್ಟಿ, ನನ್ನ ತೋರುಬೆರಳನ್ನು ರಕ್ತ ಜಿನುಗುವಂತೆ ಕಚ್ಚಿತು. ಕೈಯನ್ನು ಹಿಂದಕ್ಕೆಳೆದರೆ ಅದಕ್ಕೆ ಗೆಲವು, ಗದರಿದರೆ ಅದಕ್ಕೆ ಆಟ. ಆದಕಾರಣ ಪಂಜರದ ಪಕ್ಕದಲ್ಲಿ ಪತ್ರಿಕೆ ಓದುತ್ತ ಕುಳಿತು, ಚಮಚದಲ್ಲಿ ಮಕರಂದವನ್ನು ಸರಳಿನ ಬಳಿ ಹಿಡಿಯುವುದನ್ನೇ ಅಭ್ಯಾಸ ಮಾಡಿಕೊಂಡು, ಬೆರಳನ್ನು ದಿನದಿನಕ್ಕೂ ಚಮಚದ ತುದಿಯತ್ತ ಸರಿಸುತ್ತ ಬಂದು, ಕೊನೆಗೊಂದು ಮಧ್ಯಾಹ್ನ ಚಮಚವನ್ನೇ ಬಿಟ್ಟು ಅಂಗೈಯಲ್ಲಿ ಎರಡು ಹನಿ ಹಾಕಿ ಚಾಚಿದೆ. ಹಕ್ಕಿ ಬಾಗಿ ನಾಲಿಗೆಯನ್ನು ಹೊರಚಾಚುತ್ತಿದ್ದಂತೆ, ಅದರ ತುದಿಯಲ್ಲಿ ಮಡಿದಿದ್ದ ಸಣ್ಣ ಎಳೆಗಳು ಒಮ್ಮೆಲೇ ನಿಮಿರಿ, ಚಿತ್ರಕಾರನ ಒದ್ದೆ ಕುಂಚವೊಂದು ನನ್ನ ಆಯುಷ್ಯರೇಖೆಯ ಮೇಲೆ ಸರಸರನೆ ಆಡಿದಂತಾಯಿತು. ಬಣ್ಣಕ್ಕೆ ಮರುಳಾಗಿ ಹಣ ತೆತ್ತಿದ್ದೆ. ದಾಸನಾದದ್ದು ಈ ನಾಲಿಗೆಗೆ.

ನಮ್ಮ ಸೀಬೆ ಮರಕ್ಕೆ ಬರುವ ಹಸಿರು ಗಿಳಿಯನ್ನು ಹಿಡಿದಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಸಮುದ್ರದಾಚೆಯ ಈ ಕುಲವನ್ನಾದರೋ ನೋಂದಾಯಿಸಿ ಇಟ್ಟುಕೊಳ್ಳಬಹುದು. ಈ ನ್ಯಾಯ ನನಗೆ ಅನುಕೂಲವಾದುದೇ ಹೊರತು ಸಮಾಧಾನ ತಂದುದಲ್ಲ. ಆಸ್ಟ್ರೇಲಿಯದ ಕರಂಬಿನ್ನಿನಲ್ಲಿ ಅಲೆಕ್ಸ್ ಗ್ರಿಫಿತ್ಸ್ ಎಂಬ ಹೂ ಬೆಳೆಗಾರ, ತನ್ನ ತೋಟವನ್ನು ಹಾಳುಗೆಡಹುತ್ತಿದ್ದ, ಲೋರಿಯ ಬಳಗದವೇ ಆದ ಲೋರಿಕೀಟ್ ಹಿಂಡುಗಳಿಗೆ 1947ರಲ್ಲಿ ಬೇರೆಯಾಗಿ ಉಣಿಸತೊಡಗಿದ. ಅಲ್ಲಿ ಇಂದಿಗೂ ಕಾಡಿನ ಹಕ್ಕಿಗಳು ಹೊತ್ತಿಗೆ ಸರಿಯಾಗಿ ಬಂದು, ಜನರ ಕೈಯ ತಟ್ಟೆಯಿಂದ ಕುಡಿದು, ಹಾರಿಹೋಗುತ್ತವೆ. ಅದು ಪಳಗಿಸುವಿಕೆ. ಚಿಲಕವನ್ನು ಕೈಯಲ್ಲಿಟ್ಟುಕೊಂಡು ನಾನು ಮಾಡಿದ್ದನ್ನು ಅದೇ ಹೆಸರಿನಿಂದ ಕರೆಯಲು ನಾಲಿಗೆ ಏಳದು.

ಕಳೆದ ಫಾಲ್ಗುಣದಲ್ಲಿ ಮಲೆನಾಡಿನ ಭಾವನವರು ಬರುವಾಗ, ಮೆಣಸಿನ ಬಳ್ಳಿ ಹಬ್ಬಿಸಿದ ಹಾಲವಾಣದ ಮರದಿಂದ ಹೂವಿನ ಗೊಂಚಲೊಂದನ್ನು ಮುರಿದು ತಂದಿದ್ದರು. ಈ ಮರ ನಮ್ಮಲ್ಲಿಂದ ಲೋರಿಯ ತವರು ದ್ವೀಪಗಳವರೆಗೂ ಬೆಳೆಯುತ್ತದೆ. ಅಲ್ಲಿಯ ಲೋರಿಗಳು ಹಿಂಡುಗಟ್ಟಿ ಅದರ ಹೂವಿಗೆ ಎರಗುತ್ತವೆ. ಪ್ಲಾಸ್ಟಿಕ್ ಬಟ್ಟಲಲ್ಲದೆ ಬೇರೊಂದು ಹೂವನ್ನು ಕಂಡರಿಯದ ನನ್ನ ಹಕ್ಕಿ, ಗೊಂಚಲನ್ನು ಸಿಕ್ಕಿಸಿದೊಡನೆ ತಲೆಕೆಳಗಾಗಿ ಜೋತುಬಿದ್ದು, ಒಂದೊಂದೇ ಹೂವಿನೊಳಗೆ ನಾಲಿಗೆಯನ್ನಿಳಿಸಿ, ಹಣೆಗೆಲ್ಲ ಪರಾಗ ಮೆತ್ತಿಕೊಂಡು, ನಾನು ಕರೆದರೂ ತಿರುಗಿ ನೋಡಲಿಲ್ಲ. ಸಂಜೆ ಗುಡಿಸುವಾಗ, ಪಂಜರದ ತಟ್ಟೆಯಲ್ಲಿ ಬಿದ್ದಿದ್ದ ಕೆಂಪಿನಲ್ಲಿ ಎಸಳೆಷ್ಟು, ಗರಿಯೆಷ್ಟು ಎಂದು ತಿಳಿಯದೆ ಎಲ್ಲವನ್ನೂ ಒಟ್ಟಿಗೆ ಮೊರಕ್ಕೆ ಬಳಿದುಕೊಂಡೆ.