ಕಾಕಾನ ಗಿಟಾರು, ಲಂಡನ್ನಿನ ಹುಂಜ

ಇಲ್ಲಿ ಏನೂ ಬರೆಯದೆ ಬಹಳ ದಿನ ಆಯ್ತು. ಹೋದ ತಿಂಗಳು ಊರಿಗೆ ಹೋಗಿದ್ದೆ. ಊರು ಅಂದ್ರೆ ಚಿಕ್ಕೋಡಿಯಿಂದ ನಿಪ್ಪಾಣಿ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಗೆ. ಹೆಸರು ಹೇಳಿದ್ರೂ ನಿಮಗೆ ಗೊತ್ತಾಗುವಂಥ ಊರಲ್ಲ ಬಿಡಿ :) ಬಂದಾಗಿನಿಂದ ಇದನ್ನ ಬರೀಬೇಕು ಅನ್ನಿಸ್ತಾ ಇದೆ.

ನನ್ನ ಕಾಕಾ ಗಿಟಾರ್ ಬಾರಿಸುತ್ತಿದ್ದ. ಕೈಯಲ್ಲಿ ಹಿಡಿದು ಅಲ್ಲ, ತೊಡೆ ಮೇಲೆ ಅಡ್ಡ ಮಲಗಿಸಿಕೊಂಡು. ಎಡಗೈಯಲ್ಲಿ ಒಂದು ಉಕ್ಕಿನ ತುಂಡು, ಅದಕ್ಕೆ ಅವನು ‘ಗುಂಡು’ ಅಂತಿದ್ದ. ಲೇಥ್ ಕೆಲಸದ ಗೆಳೆಯನ ಹತ್ತಿರ ಮಾಡಿಸಿ ನುಣ್ಣಗೆ ತಿಕ್ಕಿಸಿಕೊಂಡಿದ್ದ. ಗುಂಡನ್ನ ತಂತಿ ಮೇಲೆ ಜಾರಿಸುತ್ತಾ ಬಾರಿಸೋದು. ನಾನು ಮೊದಲು ನೋಡಿದ ಗಿಟಾರೇ ಅದು. ಹಾಗಾಗಿ ಸಿನಿಮಾದಲ್ಲಿ ಹೀರೋ ಗಿಟಾರ್ ಎದೆಗೆ ಒತ್ತಿಕೊಂಡು ನಿಂತಿದ್ದು ನೋಡಿ, ಪಾಪ ಇವನಿಗೆ ಬಾರಿಸೋಕೆ ಬರಲ್ಲ ಅಂತ ತುಂಬಾ ದಿನ ನಂಬಿದ್ದೆ.

ಅದು ನಿಜಕ್ಕೂ ಸಾದಾ ಗಿಟಾರೇ. ಕೃಷ್ಣಾ ನದಿ ದಾಟಿ ಕಾಗವಾಡಕ್ಕೆ ಹೋದರೆ ಆಚೆಗೇ ಮಿರಜ. ಸಿತಾರ್, ತಂಬೂರಿ ಮಾಡುವವರ ಊರು (2024ರಲ್ಲಿ ಎರಡಕ್ಕೂ ಜಿಐ ಟ್ಯಾಗ್ ಸಿಕ್ಕಿತು). ಕಾಕಾ ಅಲ್ಲಿಗೆ ಒಯ್ದು, ತಂತಿಗಳು ಮನೆಗಳಿಂದ ಎತ್ತರದಲ್ಲಿ ನಿಲ್ಲುವಂತೆ ಮಾಡಿಸಿಕೊಂಡು ಬಂದಿದ್ದ. ತಂತಿ ಎತ್ತರ ಆದ ಮೇಲೆ ಗಿಟಾರಿನ ಮೇಲಿರುವ ಆ ಅಡ್ಡಪಟ್ಟಿಗಳಿಗೆ ಕೆಲಸ ಇಲ್ಲ, ಸುಮ್ಮನೆ ಗುರುತಿಗೆ ಅಷ್ಟೇ. ಎರಡು ಸ್ವರದ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು. ಮೀಂಡ್ ಅಂತೀವಲ್ಲ, ಅದು ಗಿಟಾರಿನಲ್ಲಿ ಬರೋದು ಹೀಗೆ. ಒಂದು ಕೂದಲೆಳೆ ಆಚೆ ಈಚೆ ಆದ್ರೂ ಬೇಸೂರು. ಕಣ್ಣಲ್ಲ, ಕಿವಿ ಬೇಕು.

ಈ ವಿದ್ಯೆ ಹವಾಯಿ ದ್ವೀಪದ್ದು. 19ನೇ ಶತಮಾನದ ಕೊನೆಗೆ ಅಲ್ಲಿ ಜೋಸೆಫ್ ಕೆಕುಕು ಅನ್ನುವ ಹುಡುಗ ಶುರು ಮಾಡಿದ್ದು ಅಂತಾರೆ. 1940ರ ದಶಕದಲ್ಲಿ ಟಾವ್ ಮೋ ಅನ್ನೋ ಹವಾಯಿ ಕಲಾವಿದ ಕುಟುಂಬ ಸಮೇತ ಕಲ್ಕತ್ತೆಯಲ್ಲಿದ್ದ, ಅಲ್ಲಿ ಅದು ಬೇರು ಬಿಟ್ಟಿತು. ಮುಂದೆ ವ್ಯಾನ್ ಶಿಪ್ಲೆ, ಹಜಾರಾ ಸಿಂಗ್, ಸುನೀಲ್ ಗಂಗೂಲಿ ಇವರೆಲ್ಲ ಸಿನಿಮಾ ಹಾಡುಗಳನ್ನ ಈ ಗಿಟಾರಿನಲ್ಲಿ ಬಾರಿಸಿ ರೆಕಾರ್ಡು ತಂದರು. ರೇಡಿಯೋದಲ್ಲಿ ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ಮುಂಚೆ ಎರಡು ನಿಮಿಷ ಏನೋ ವಾದ್ಯ ಬರ್ತಿತ್ತಲ್ಲ, ನೆನಪಿದೆಯಾ? ನಾವು ನೀರು ಕುಡಿಯೋಕೆ ಏಳುತ್ತಿದ್ದ ಹೊತ್ತು ಅದು. ಕಾಕಾ ಕಲಿತದ್ದು ಆ ಎರಡೆರಡು ನಿಮಿಷಗಳಿಂದ. ಸಾಂಗ್ಲಿ ಸ್ಟೇಶನ್ನು, ಧಾರವಾಡ ಸ್ಟೇಶನ್ನು, ಯಾವುದು ಸಿಕ್ಕರೆ ಅದು.

ಅವನದೊಂದು ಆರ್ಕೆಸ್ಟ್ರಾ ಪಾರ್ಟಿ ಇತ್ತು. ಗಣಪತಿ ಹಬ್ಬ, ಮದುವೆ, ಜಾತ್ರೆ. ರಾಯಬಾಗ, ಅಥಣಿ, ನಿಪ್ಪಾಣಿ ಎಲ್ಲಾ ಕಡೆ ಹೋಗೋರು. ನಮ್ಮ ಕಡೆ ಹಾಡು ಅಂದ ಕೂಡಲೇ ಯಾವ ಭಾಷೇದು ಅನ್ನೋ ಪ್ರಶ್ನೆ ಬರುತ್ತೆ. ಮಹಾಜನ ಆಯೋಗದ ವರದಿ ಬಂದದ್ದು 1967ರಲ್ಲಿ, ಗಡಿ ಜಗಳ 2004ರಲ್ಲಿ ಸುಪ್ರೀಂ ಕೋರ್ಟಿಗೂ ಹೋಯ್ತು. ಹಾಡೋರು ಒಂದು ಮರಾಠಿ ಹಾಡಿದ್ರೆ ಒಂದು ಕನ್ನಡ ಹಾಡಬೇಕು, ಲೆಕ್ಕ ತಪ್ಪಿದ್ರೆ ಚೀಟಿ ಬರ್ತಿತ್ತು, ಕೆಲವೊಮ್ಮೆ ಕಲ್ಲೂ. ಆಗ ಪಾರ್ಟಿಯವರು ಕಾಕಾನನ್ನ ಮುಂದೆ ಕೂರಿಸೋರು. ಗಿಟಾರಿಗೆ ಮಾತಿಲ್ಲವಲ್ಲ! ರಾಜಕುಮಾರ್ ಹಾಡು ಬಾರಿಸಿದ್ರೂ ಲಾವಣಿ ಬಾರಿಸಿದ್ರೂ ಜನ ಸುಮ್ಮನೆ ತಲೆಯಾಡಿಸೋರು. ಮರಾಠಿ ಸಂಗೀತ ನಾಟಕ ಶುರು ಮಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರೇ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ ನಾಟಕದ ಪದಗಳಿಗೆ ಕನ್ನಡದ ಧಾಟಿಗಳು ಹೋಗಿವೆ, ನಮ್ಮ ಕಂಪನಿ ನಾಟಕಗಳಿಗೆ ಅಲ್ಲಿಯ ಮಟ್ಟುಗಳು ಬಂದಿವೆ. ಕೊಟ್ಟಿದ್ದೆಷ್ಟು ತಗೊಂಡಿದ್ದೆಷ್ಟು ಅಂತ ಯಾರು ಲೆಕ್ಕ ಇಟ್ಟಿದ್ದಾರೆ.

ಇರ್ಲಿ, ಈಗ ನನ್ನ ಪ್ರತಾಪ.

1998. ನಾನು ಇಂಜಿನಿಯರಿಂಗ್ ಓದುತ್ತಿದ್ದೆ. ಹಾಸ್ಟೆಲಿನಲ್ಲಿ ಇಂಗ್ಲಿಷ್ ಕ್ಯಾಸೆಟ್ಟಿನ ಹುಚ್ಚು ಹತ್ತಿತ್ತು. ದೀಪಾವಳಿಗೆ ಬಂದಾಗ ರೋಲಿಂಗ್ ಸ್ಟೋನ್ಸ್‌ನವರ ಹಳೇ ಹಾಡುಗಳ ಕ್ಯಾಸೆಟ್ ತಂದಿದ್ದೆ. ಕಾಕಾನ ಪಾರ್ಟಿಯವರೆಲ್ಲ ಕಟ್ಟೆ ಮೇಲೆ ಚಹಾ ಕುಡೀತಾ ಕೂತಿದ್ದರು. ಏನು ಮಾತು ಬಂತೋ ಮರೆತಿದೆ, ನಾನು ಹೇಳಿದ್ದು ಮಾತ್ರ ಮರೆತಿಲ್ಲ. “ಕಾಕಾ, ನೀವೆಲ್ಲಾ ಮಂದಿ ಹಾಡ ಬಾರಸಾವ್ರು. ಇವ್ರ ನೋಡ್ರಿ, ಎಲ್ಲಾ ತಮ್ದ ಸ್ವಂತದ್ದು.” ಯಾರೂ ಏನೂ ಅನ್ನಲಿಲ್ಲ. ಕಾಕಾ ಬಸಿಯಲ್ಲಿದ್ದ ಚಹಾ ಮುಗಿಸಿ ಎದ್ದು ಹೋದ.

ಆಮೇಲೆ ಅವನು ಬಾರಿಸಿದ್ದು ನಾನು ಕೇಳಲಿಲ್ಲ. 2006ರಲ್ಲಿ ನನ್ನ ಮದುವೆ, ಒಂದು ಹಾಡಾದರೂ ಬಾರಿಸು ಅಂತ ಕೈ ಹಿಡಿದೆ. “ತಂತಿ ಇಲ್ಲೋ ತಮ್ಮಾ” ಅಂದ.

ಇಂಟರ್ನೆಟ್ಟು ಬಂದು ಓದುತ್ತಾ ಹೋದ ಹಾಗೆ ನನ್ನ ಮುಖಕ್ಕೆ ನಾನೇ ಮಂಗಳಾರತಿ ಮಾಡಿಕೊಂಡೆ. ರೋಲಿಂಗ್ ಸ್ಟೋನ್ಸ್‌ನವರ ಮೊದಲ ರೆಕಾರ್ಡು, 1963ರದ್ದು, ಚಕ್ ಬೆರಿ ಹಾಡು. ಎರಡನೇದು ಬೀಟಲ್ಸ್‌ನವರು ಬರೆದುಕೊಟ್ಟದ್ದು. 1964ರ ಮೊದಲ ಆಲ್ಬಮ್ಮಿನ ಬಹುಪಾಲು ಅಮೆರಿಕದ ಕಪ್ಪು ಗಾಯಕರ ಹಾಡುಗಳು. ಪಾರ್ಟಿಯ ಹೆಸರೂ ಮಡ್ಡಿ ವಾಟರ್ಸ್ ಹಾಡಿನಿಂದ ತಗೊಂಡದ್ದು! ಬೀಟಲ್ಸ್‌ನವರ ಮೊದಲ ಆಲ್ಬಮ್ಮಿನಲ್ಲೂ 14ರಲ್ಲಿ 6 ಬೇರೆಯವರವು. ಅಂದರೆ ಇವರೂ ಶುರುವಿನಲ್ಲಿ ನಮ್ಮ ಕಾಕಾನ ಪಾರ್ಟಿಯೇ. ನಾನು ಅಂದು ಕಟ್ಟೆಯ ಮೇಲೆ ಹಾಕಿದ್ದ ಹಾಡು ‘ಲಿಟಲ್ ರೆಡ್ ರೂಸ್ಟರ್’. ಬರೆದವನು ವಿಲ್ಲಿ ಡಿಕ್ಸನ್, 1961ರಲ್ಲಿ ಹೌಲಿನ್ ವುಲ್ಫ್ ಹಾಡಿದ್ದ. ಸ್ಟೋನ್ಸ್‌ನವರು ಅದನ್ನೇ ಹಾಡಿ 1964ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿದರು.

ಅದರಲ್ಲಿ ಗಿಟಾರ್ ಬಾರಿಸಿದ್ದು ಬ್ರಯನ್ ಜೋನ್ಸ್. ಬಾರಿಸಿದ್ದು ಹೇಗೆ ಅಂತೀರಿ? ಸ್ಲೈಡ್! ತಂತಿ ಮೇಲೆ ಜಾರಿಸಿ. ಕಾಕಾನ ಹಾಗೆ ಮಲಗಿಸಿ ಅಲ್ಲ, ನಿಂತು, ಬೆರಳಿಗೆ ಕೊಳವೆ ಹಾಕಿಕೊಂಡು. ಅಮೆರಿಕದ ದಕ್ಷಿಣದಲ್ಲಿ ಚಾಕು, ಬಾಟಲಿಯ ಕುತ್ತಿಗೆ ಹೀಗೆ ಸಿಕ್ಕಿದ್ದರಲ್ಲಿ ಜಾರಿಸೋರು. ಎಲ್ಮೋರ್ ಜೇಮ್ಸ್ 1951ರಲ್ಲಿ ಹೆಸರು ಮಾಡಿದ ಹಾಡೂ ರಾಬರ್ಟ್ ಜಾನ್ಸನ್ 1936ರಲ್ಲಿ ರೆಕಾರ್ಡ್ ಮಾಡಿದ್ದೇ. 1962ರಲ್ಲಿ ಲಂಡನ್ನಿನ ಈಲಿಂಗ್ ಕ್ಲಬ್ಬಿನಲ್ಲಿ ಬ್ರಯನ್ ಆ ಎಲ್ಮೋರನ ಮೇಲಿನ ಅಭಿಮಾನಕ್ಕೆ ತನ್ನ ಹೆಸರನ್ನೇ ಎಲ್ಮೋ ಲೂಯಿಸ್ ಅಂತ ಮಾಡಿಕೊಂಡು ಬಾರಿಸುತ್ತಿದ್ದ. ಮಂದಿ ಹಾಡು ಬಾರಿಸ್ತೀನಿ ಅಂತ ಅವನಿಗೆ ನಾಚಿಕೆ ಇರಲಿಲ್ಲ, ಅವರ ಹೆಸರನ್ನೂ ಹೊದ್ದುಕೊಂಡ.

ಹೋದ ತಿಂಗಳು ಊರಲ್ಲಿ ಕಾಕಾನ ಪಕ್ಕ ಕೂತು ಮೊಬೈಲಿನಲ್ಲಿ ಇದೇ ಹಾಡು ಹಾಕಿದೆ. ಕಣ್ಣು ಮುಚ್ಚಿ ಕೇಳಿದ. ಎಡಗೈ ಬೆರಳು ತೊಡೆ ಮೇಲೆ ಜಾರುತ್ತಿತ್ತು.

“ಛಲೋ ಬಾರಿಸ್ಯಾನ. ಯಾವ್ದೋ ಪ್ರಾಣಿ ಒದರಿಧಂಗ ಐತಿ. ಆದ್ರ ಸ್ವರದ ಮ್ಯಾಲ ನಿಂದ್ರಂಗಿಲ್ಲಲ್ಲೋ, ಮುಟ್ಟಿ ಓಡ್ತಾನ.”

ಅದು ಹುಂಜದ ಹಾಡು ಅಂದೆ. ನಕ್ಕ. “ಅವಂದ ಹಾಡೇನು?”

“ಅಲ್ಲ ಕಾಕಾ. ಬ್ಯಾರೇದವ್ರದು.”

ಕಣ್ಣು ತೆರೆದು ನನ್ನನ್ನೇ ನೋಡಿದ. “ಮತ್ತ ಅವತ್ತ ಸ್ವಂತದ್ದು ಅಂದಿದ್ದೆಲ್ಲೋ.”

ಇಪ್ಪತ್ತು ವರ್ಷದ ಮೇಲಾಯ್ತು ಸ್ವಾಮಿ! ತಪ್ಪಾಯ್ತು ಅಂದೆ, ನಿನಗೆ ಗಿಟಾರ್ ಬಿಡಿಸಿದವನು ನಾನೇ ಅಂದೆ. “ಹುಚ್ಚ ಅದಿ. ನೀ ಅಂದಿದ್ದಕ್ಕ ಬಿಡ್ಲಿಲ್ಲ. ಕ್ಯಾಸಿಯೋ ಬಂತು. ಒಬ್ಬಾಂವ ಕುಂತು ಐದ ಮಂದಿ ಕೆಲಸಾ ಮಾಡಾಕತ್ತಾ. ನನ್ನ ಯಾರ ಕರೀತಾರ?”

ಒಳಗಿನಿಂದ ಕಾಕು ಅಂದಳು, “ಕ್ಯಾಸಿಯೋ ಬಂದಿದ್ದೂ ಖರೆ. ಅವತ್ತ ರಾತ್ರಿ ಉಣ್ಣದ ಮಲಗಿದ್ದೂ ಖರೆ.”

ಕಾಕಾ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಟ್ರಂಕಿನಿಂದ ಗುಂಡು ತರಿಸಿದ. ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ, ಒಂದು ಚೂರೂ ತುಕ್ಕಿಲ್ಲ. ಗಿಟಾರು ಅಟ್ಟದ ಮೇಲಿತ್ತು, ಹೊಟ್ಟೆ ಸ್ವಲ್ಪ ಬಿರುಕು ಬಿಟ್ಟಿದೆ, ತಂತಿ ನಿಜಕ್ಕೂ ಒಂದೂ ಇರಲಿಲ್ಲ.

ಮುಂದಿನ ರವಿವಾರ ಮತ್ತೆ ಹೋಗ್ತಿದ್ದೇನೆ. ಗಿಟಾರ್ ತಗೊಂಡು ಇಬ್ಬರೂ ಕಾಗವಾಡದ ಮೇಲಿಂದ ಮಿರಜಕ್ಕೆ. ಪೂರಾ ಸೆಟ್ ತಗೋಬೇಕಂತೆ, ಮೊದಲನೇ ತಂತಿ ಎರಡು. ಅದು ಬೇಗ ಹರಿಯುತ್ತದಂತೆ.